ನನ್ನ ಕೈಯನ್ನು ಬಲ್ಲವರು ಹೋದ ಮೇಲೆ

ಪಿಯಾನೊ ಶ್ರುತಿ ಮಾಡುವವರ ಚೀಲದಲ್ಲಿ ಹೆಚ್ಚು ಸಾಮಾನು ಇರುವುದಿಲ್ಲ. ತಂತಿಗಳ ನಡುವೆ ತೂರಿಸುವ ರಬ್ಬರ್ ಬೆಣೆಗಳು, ಉದ್ದನೆಯ ಫೆಲ್ಟ್ ಪಟ್ಟಿ, ಸುತ್ತಿಗೆಗಳ ಉಣ್ಣೆಯನ್ನು ಚುಚ್ಚಿ ಮೆದುಗೊಳಿಸುವ ಸೂಜಿಗಳು, 440 ಹರ್ಟ್ಸ್‌ನ ಒಂದು ಶ್ರುತಿಕವೆ. ಇವು ಹಾಳಾದರೆ ಬೇರೆ ತರಿಸಿಕೊಳ್ಳಬಹುದು. ಬಿರಡೆ ತಿರುಗಿಸುವ ಲಿವರ್ ಮಾತ್ರ ಹಾಗಲ್ಲ. ನನ್ನ ಲಿವರ್ ಮಾಡಿಕೊಟ್ಟವರು ತೀರಿಕೊಂಡು ಮೂರು ವರ್ಷವಾಯಿತು. ಆ ಮೂರು ವರ್ಷ ನಾನು ಏನು ಮಾಡಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಹೊರಗಿನವರಿಗೆ ಲಿವರ್ ಒಂದು ಹಿಡಿಯುಳ್ಳ ಸ್ಪ್ಯಾನರ್‌ನಂತೆ ಕಾಣುತ್ತದೆ. ಪಿಯಾನೊದಲ್ಲಿ ಸುಮಾರು 230 ತಂತಿಗಳು, ಪ್ರತಿಯೊಂದಕ್ಕೂ 7 ಮಿ.ಮೀ. ದಪ್ಪದ ಒಂದು ಉಕ್ಕಿನ ಬಿರಡೆ. ಬಿರಡೆಯ ಕೆಳಭಾಗ ಮರದ ದಿಮ್ಮಿಯೊಳಗೆ ಬಿಗಿಯಾಗಿ ಕೂತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಮರದ ಘರ್ಷಣೆ ಮಾತ್ರ. ಲಿವರ್ ತಿರುಗಿಸಿದಾಗ ಮೊದಲು ಬಿರಡೆಯ ತಲೆ ತಿರುಚಿಕೊಳ್ಳುತ್ತದೆ, ಬುಡ ಆಮೇಲೆ ಜರುಗುತ್ತದೆ. ಬುಡ ಜರುಗದೆ ತಲೆ ಮಾತ್ರ ತಿರುಚಿದ್ದರೆ, ಆ ಕ್ಷಣಕ್ಕೆ ಸ್ವರ ಸರಿಯಾಗಿ ಕೇಳಿಸಿದರೂ ನಾಲ್ಕು ಸಲ ಜೋರಾಗಿ ನುಡಿಸುವಷ್ಟರಲ್ಲಿ ಜಾರುತ್ತದೆ. ಬುಡ ಜರುಗಿತೇ ಇಲ್ಲವೇ ಎಂದು ತಿಳಿಯಬೇಕಾದದ್ದು ಅಂಗೈಗೆ. 30 ಸೆಂ.ಮೀ. ಉದ್ದದ ಲಿವರ್‌ನ ತುದಿಯಲ್ಲಿ ಒಂದು ಡಿಗ್ರಿ ಎಂದರೆ ಕೈ ಸರಿಯುವುದು ಸುಮಾರು 5 ಮಿ.ಮೀ. ನಮ್ಮ ಕೊನೆಯ ಹಂತದ ಕೆಲಸವೆಲ್ಲ ಆ ಐದರ ಒಂದು ಚೂರಿನೊಳಗೆ ನಡೆಯುತ್ತದೆ. ಲಿವರ್‌ನ ದಂಡ ಬಾಗಿದರೆ, ಬಿರಡೆಯ ತಲೆಯನ್ನು ಕವಿಯುವ ತುದಿ ಸವೆದು ಅಲುಗಾಡಿದರೆ, ಆ ಚೂರು ಅದರಲ್ಲೇ ಕಳೆದುಹೋಗುತ್ತದೆ.

ಅವರ ಲಿವರ್‌ಗಳು ಅಲುಗಾಡುತ್ತಿರಲಿಲ್ಲ. ಅವರ ಹಿರಿಮೆ ಅಷ್ಟೇ ಆಗಿದ್ದರೆ ಇನ್ನೊಬ್ಬರನ್ನು ಹುಡುಕಿಕೊಳ್ಳಬಹುದಿತ್ತು. ಕೆಲಸ ಹಿಡಿದ ಹೊಸದರಲ್ಲಿ ಒಮ್ಮೆ, ಬೇಗ ಸವೆಯಿತು ಎಂದು ದೂರಿ ಲಿವರ್‌ನ ಆ ತುದಿಯನ್ನು ಬಿಚ್ಚಿ ಅವರಿಗೆ ಕಳಿಸಿದ್ದೆ. ಹೊಸ ತುದಿಯ ಜೊತೆಗೆ ಒಂದು ಚೀಟಿ ಬಂತು: "ಉಕ್ಕಿನಲ್ಲಿ ದೋಷವಿಲ್ಲ. ಬಾಯಂಚು ಒಂದೇ ಕಡೆ ಸವೆದಿದೆ. ನೀವು ಬಿರಡೆಯನ್ನು ತಿರುಗಿಸುವುದರ ಜೊತೆಗೆ ಬಗ್ಗಿಸುತ್ತಿದ್ದೀರಿ. ನಿಲುವು ಪಿಯಾನೊದಲ್ಲಿ ಲಿವರ್ ಅನ್ನು ಇನ್ನಷ್ಟು ಮೇಲಕ್ಕೆ ನಿಲ್ಲಿಸಿ ನೋಡಿ." ನಾನು ಅದನ್ನು ಗಡಿಯಾರದ ಮೂರು ಗಂಟೆಯ ದಿಕ್ಕಿಗೆ ಹಿಡಿದು ಕೆಳಕ್ಕೆ ಎಳೆಯುತ್ತಿದ್ದೆ. ಹಾಗೆ ಎಳೆದಾಗ ಬಿರಡೆ ತಂತಿ ಜಗ್ಗುವ ದಿಕ್ಕಿಗೇ ಬಾಗುತ್ತದೆ. ತಿರುಗಿದ್ದರಿಂದ ಸ್ವರ ಏರುತ್ತದೆ, ಬಾಗಿದ್ದರಿಂದ ಇಳಿಯುತ್ತದೆ, ಕಿವಿಗೆ ನಿಜ ತಿಳಿಯುವುದಿಲ್ಲ. ಹನ್ನೆರಡರ ದಿಕ್ಕಿನಲ್ಲಿದ್ದರೆ ಬಿರಡೆ ಬಾಗಿದರೂ ಪಕ್ಕಕ್ಕೆ ಬಾಗುತ್ತದೆ, ತಂತಿಯ ಬಿಗಿತಕ್ಕೆ ಅದು ಅಷ್ಟಾಗಿ ತಟ್ಟುವುದಿಲ್ಲ. ನನ್ನ ಕೆಲಸವನ್ನು ಒಮ್ಮೆಯೂ ಕಾಣದವರು ಸವೆದ ಒಂದು ಲೋಹದ ತುಂಡನ್ನು ನೋಡಿ ಇಷ್ಟನ್ನು ಹೇಳಿದ್ದರು. ಆ ಚೀಟಿಯಿಂದ ನಾನು ಕಲಿತಷ್ಟನ್ನು ಎರಡು ವರ್ಷದ ತರಬೇತಿಯಲ್ಲಿ ಕಲಿತಿರಲಿಲ್ಲ.

ಅವರು ಹೋದ ಸುದ್ದಿ ಬಂದಾಗ ನನಗೆ ಮೊದಲು ಹೊಳೆದದ್ದು ಸ್ವಾರ್ಥದ ಯೋಚನೆ. ಚೀಲದಲ್ಲಿ ಇನ್ನೆಷ್ಟು ತುದಿಗಳಿವೆ ಎಂದು ಎಣಿಸಿದೆ. ಎರಡು ಇದ್ದವು. ದುಃಖ ಬಂದದ್ದು ಆ ಮೇಲೆ, ಒಂದು ಮನೆಯಲ್ಲಿ ಕೆಲಸ ಮಾಡುತ್ತ ಇದ್ದಕ್ಕಿದ್ದಂತೆ ಲಿವರ್‌ನ ಹಿಡಿ ಬೆಚ್ಚಗಾಗಿರುವುದು ಕೈಗೆ ತಿಳಿದಾಗ.

ತಿಂಗಳಾದ ಮೇಲೆ ಅವರ ಮಗಳು ನಮ್ಮಲ್ಲಿ ನಾಲ್ಕೈದು ಜನರನ್ನು ಕರೆದರು. ಕಾರ್ಯಾಗಾರ ಖಾಲಿ ಮಾಡಬೇಕಿತ್ತು. ಯಾವುದು ಉಪಕರಣ, ಯಾವುದು ಗುಜರಿ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ನಮಗೂ ಪೂರ್ತಿ ತಿಳಿಯಲಿಲ್ಲ. ಲೇತ್, ಡ್ರಿಲ್‌ಗಳ ಬೆಲೆ ಯಾರಿಗಾದರೂ ಗೊತ್ತು. ಬೆಲೆ ಕಟ್ಟಲಾಗದ್ದು ಒಂದು ತಗಡಿನ ಡಬ್ಬಿಯಲ್ಲಿತ್ತು: ಹೆಸರಿಲ್ಲದ, ಸಂಖ್ಯೆಯಿಲ್ಲದ ಒಂಬತ್ತು ಬ್ರೋಚ್‌ಗಳು. ಬೆರಳುದ್ದದ, ತುದಿಯ ಕಡೆಗೆ ಕಿರಿದಾಗುವ ಚೌಕದ ಉಕ್ಕಿನ ಕೋಲುಗಳು. ಲಿವರ್ ತುದಿಯೊಳಗಿನ ಎಂಟು ಮೂಲೆಯ ನಕ್ಷತ್ರ ಮೂಡುವುದು ಇವುಗಳಿಂದಲೇ. ಒಮ್ಮೆ ಒತ್ತಿ, 45 ಡಿಗ್ರಿ ತಿರುಗಿಸಿ, ಮತ್ತೊಮ್ಮೆ ಒತ್ತಬೇಕು. ಇನ್ನೊಂದು ದಿನ ತಡವಾಗಿದ್ದರೆ ಅವು ಕಬ್ಬಿಣದ ತೂಕಕ್ಕೆ ಹೋಗುತ್ತಿದ್ದವು. ಇಂಥ ಕೆಲಸಗಾರರು ಬದುಕಿರುವಾಗಲೇ ಯಾರಾದರೂ ಪಕ್ಕದಲ್ಲಿ ಕೂತು ಡಬ್ಬಿಗಳಿಗೆ ಚೀಟಿ ಅಂಟಿಸಬೇಕು. ನಾವು ಯಾರೂ ಕೂತಿರಲಿಲ್ಲ. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮೇಜಿನ ಖಾನೆಯಲ್ಲಿ ಒಂದು ನೋಟ್‌ಪುಸ್ತಕವೂ ಇತ್ತು. ಗಿರಾಕಿಗಳ ಹೆಸರು, ಪ್ರತಿ ಹೆಸರಿನ ಮುಂದೆ ಒಂದೆರಡು ಸಾಲು. ನನ್ನ ಹೆಸರಿನ ಮುಂದೆ: "ಬಿರಡೆ ಬಗ್ಗಿಸುವ ಕೈ. ಹೇಳಿದ್ದೇನೆ." ಅದರ ಕೆಳಗೆ, ಬೇರೆ ಶಾಯಿಯಲ್ಲಿ: "ತಿದ್ದಿಕೊಂಡಿದ್ದಾರೆ."

ಬ್ರೋಚ್‌ಗಳನ್ನು ನಾವು ಹಂಚಿಕೊಂಡೆವು. ಮೂರು ನನ್ನ ಪಾಲಿಗೆ ಬಂದವು. ಲೇತ್ ಕೆಲಸ ಬಲ್ಲ ಒಬ್ಬ ಗೆಳೆಯರೊಂದಿಗೆ ಕೂತು ತುದಿ ಮಾಡಲು ತೊಡಗಿದೆ. ಮೊದಲನೆಯದು ಕಾಯಿಸದ ಉಕ್ಕಿನದು. ನೋಡಲು ಚೆನ್ನಾಗಿತ್ತು, ಆರು ವಾರದಲ್ಲಿ ಮೂಲೆಗಳು ದುಂಡಗಾದವು. ಎರಡನೆಯದನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದೆವು, ಆದರೆ ಮತ್ತೆ ಹದವಾಗಿ ಬಿಸಿ ಮಾಡಲಿಲ್ಲ. ಗಾಜಿನಷ್ಟು ಗಡುಸಾಗಿದ್ದ ಅದು ಮೂರನೆಯ ಪಿಯಾನೊದಲ್ಲೇ ಬಾಯಿ ಬಿರಿಯಿತು. ಉಕ್ಕು ಒಣಹುಲ್ಲಿನ ಬಣ್ಣಕ್ಕೆ ಬರುವವರೆಗೆ, ಎಂದರೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ವರೆಗೆ, ಮತ್ತೆ ಬಿಸಿ ಮಾಡಬೇಕಿತ್ತು. ಮೂರನೆಯದಕ್ಕೆ ಹಾಗೆಯೇ ಮಾಡಿದೆವು. ಗಡುಸುತನ ಸರಿಯಾಗಿತ್ತು, ಆದರೂ ಲಿವರ್ ಅಲುಗಾಡಿತು.

ಏಕೆಂದು ತಿಳಿಯಲು ದೀಪದ ಮಸಿ ನೆರವಾಯಿತು. ಹೊಸ ಬಿರಡೆಯ ತಲೆಗೆ ತೆಳ್ಳಗೆ ಮಸಿ ಹಿಡಿಸಿ ತುದಿಯನ್ನು ಮೆಲ್ಲಗೆ ಕೂರಿಸಿ ತೆಗೆದೆ. ಎಲ್ಲ ಬದಿಗಳಲ್ಲೂ ಉದ್ದಕ್ಕೆ ಒರೆಸಿಹೋಗಬೇಕಿದ್ದ ಮಸಿ ಬಾಯಂಚು ತಾಗಿದಲ್ಲಿ ಮಾತ್ರ ಹೋಗಿತ್ತು. ಕಾಯಿಸಿದಾಗ ಒಳಗಿನ ಆಕಾರ ಕೂದಲೆಳೆಯಷ್ಟು ಬದಲಾಗಿತ್ತು. ಆಗಲೇ ಬ್ರೋಚ್‌ನ ಮೈಮೇಲಿನ ಎರಡು ಗೀರುಗಳು ನೆನಪಾದವು. ಒಂದಕ್ಕೊಂದು ತೀರ ಹತ್ತಿರವಿದ್ದುದರಿಂದ ಒಂದನ್ನು ಕೈತಪ್ಪಿನಿಂದ ಆದದ್ದು ಎಂದುಕೊಂಡು ಮೇಲಿನ ಗೀರಿನವರೆಗೂ ಒತ್ತಿದ್ದೆವು. ಈ ಸಲ ಕೆಳಗಿನ ಗೀರಿಗೇ ನಿಲ್ಲಿಸಿ, ಕಾಯಿಸಿ, ಹದಗೊಳಿಸಿ, ಉಳಿದಷ್ಟನ್ನು ಉಜ್ಜುವ ಲೇಪ ಹಚ್ಚಿ ನಿಧಾನವಾಗಿ ತಿದ್ದಿದೆವು. ನಾಲ್ಕನೆಯ ತುದಿ ಬಿರಡೆಯ ಮೇಲೆ ಕೂತಾಗ ಬಂದ ಸದ್ದೇ ಬೇರೆ.

ಅದನ್ನು ಹಾಕಿ ನಡು ಸಿ ಸ್ವರಕ್ಕೆ ಕೆಳಗಿನ ಎಫ್–ಎ ಸ್ವರಜೋಡಿಯನ್ನು ಹೊಂದಿಸಿದೆ. ಸರಿಯಾಗಿ ಕೂತಾಗ ಆ ಜೋಡಿಯ ನಾದ ಸೆಕೆಂಡಿಗೆ ಸುಮಾರು ಏಳು ಬಾರಿ ಏರಿಳಿಯಬೇಕು. ಮರುದಿನ ಹೋಗಿ ಕೇಳಿದೆ. ಏಳೇ ಇತ್ತು.

ಈಗ ಬೇರೆಯವರು ನನಗೆ ಸವೆದ ತುದಿಗಳನ್ನು ಕಳಿಸುತ್ತಾರೆ. ಅಳತೆ ನೋಡುವ ಮೊದಲು ಬಾಯಂಚನ್ನು ದೀಪಕ್ಕೆ ಹಿಡಿದು ನೋಡುತ್ತೇನೆ, ಕಂಡದ್ದನ್ನು ಬರೆದಿಡುತ್ತೇನೆ. ಐದು ಕೈಗಳಲ್ಲಿ ಎರಡನ್ನು ಓದಬಲ್ಲೆ, ಉಳಿದವು ಇನ್ನೂ ಬರೀ ಸವೆತವಾಗಿಯೇ ಕಾಣುತ್ತವೆ. ನನ್ನ ಪಾಲಿನ ಮೂರು ಬ್ರೋಚ್‌ಗಳಲ್ಲಿ ಎರಡಕ್ಕೆ ಚೀಟಿ ಅಂಟಿಸಿದ್ದೇನೆ. ಮೂರನೆಯದು ಯಾವ ಬಿರಡೆಗೂ ಹೊಂದುವುದಿಲ್ಲ, ಅದರ ಮೈಮೇಲೆ ನಾಲ್ಕು ಗೀರುಗಳಿವೆ. ಅದಕ್ಕೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.