ಅವ್ವನ ಬಳೆ, ವಿದ್ಯಾಸಿರಿ, ಬ್ಯಾಂಕ್ ಸಾಲ: ನಾನು ಬಿಇ ಫೀಸ್ ಕಟ್ಟಿದ್ದು ಹೀಗೆ

2021ರ ಸಿಇಟಿಯಲ್ಲಿ ನನಗೆ ತುಮಕೂರಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆಗ ನಮ್ಮ ಮನೆಯಲ್ಲಿ ಇದ್ದದ್ದು ಹಿರಿಯೂರು ತಾಲ್ಲೂಕಿನಲ್ಲಿ ಮೂರು ಎಕರೆ ಖುಷ್ಕಿ ಜಮೀನು, ಎರಡು ಎಮ್ಮೆ, ಅವ್ವನ ಕೈಯಲ್ಲಿ ಎರಡು ಬಳೆ. ಸೀಟು ಹಂಚುವ ಕೆಇಎಗೆ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಟ್ಟಬೇಕಾದ ಫೀಸ್ ಸುಮಾರು 65 ಸಾವಿರ. ಸೀಟು ಒಪ್ಪಿಕೊಂಡು, ದುಡ್ಡು ಕಟ್ಟಿ, ಅಡ್ಮಿಷನ್ ಆರ್ಡರ್ ತೆಗೆಸಿ ಕಾಲೇಜಿಗೆ ಹೋಗಿ ಸೇರಲು ಸಿಗುವುದು ಕೆಲವೇ ದಿನ.

"ಸ್ಕಾಲರ್‌ಶಿಪ್ ಬರುತ್ತಲ್ಲ, ಅದರಲ್ಲೇ ಕಟ್ಟಿದರಾಯ್ತು" ಅಂತ ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಸ್ಕಾಲರ್‌ಶಿಪ್ ಬಂತು, ಇಲ್ಲ ಅಂತಲ್ಲ. ಆದರೆ ಬಂದಾಗ ಮೊದಲ ವರ್ಷವೇ ಮುಗಿಯುತ್ತಾ ಬಂದಿತ್ತು. ಬ್ಯಾಂಕ್ ಸಾಲಕ್ಕೂ ಎರಡು ತಿಂಗಳು ಹಿಡಿಯಿತು. ಕೆಇಎ ಮಾತ್ರ ಯಾರಿಗೂ ಕಾಯುವುದಿಲ್ಲ. ಕೊನೆಗೆ ಅವ್ವ ಬಳೆ ಬಿಚ್ಚಿ ಕೊಟ್ಟಳು. ಅಪ್ಪ ಸೊಸೈಟಿಯಲ್ಲಿ ಅಡ ಇಟ್ಟು 70 ಸಾವಿರ ತಂದರು. ಹಾಗಾಗಿ ಯಾರೇ ನನ್ನನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ. ಮೊದಲ ಕಂತಿಗೆ ಎಲ್ಲಿಂದಾದರೂ ಕೈಗಡ ಹೊಂದಿಸಿಟ್ಟುಕೊಳ್ಳಿ, ಸರ್ಕಾರದ ದುಡ್ಡು ಹಿಂದಿನಿಂದ ಬರುತ್ತದೆ.

ನಾವು ಹಿಂದುಳಿದ ವರ್ಗದ 2ಎ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೆ, ಮೊದಲ ವರ್ಷ ಸೀಟು ಸಿಗಲಿಲ್ಲ. ಮೂರು ಜನ ಹುಡುಗಿಯರು ಸೇರಿ ರೂಮ್ ಮಾಡಿದೆವು. ಹಾಸ್ಟೆಲ್ ಸಿಗದವರಿಗೆ ಇರುವುದೇ ವಿದ್ಯಾಸಿರಿ: ಊಟ, ವಸತಿಗೆ ಅಂತ ಆಗ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳಿಗೆ, ಅಂದರೆ ವರ್ಷಕ್ಕೆ 15 ಸಾವಿರ. ಅರ್ಜಿ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲೇ. ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ನಂಬರ್ ಹಾಕಿದರೆ ಉಳಿದದ್ದು ತಾನೇ ಬರುತ್ತದೆ. ಸುಲಭ ಅನ್ನಿಸುತ್ತದೆ ಅಲ್ವಾ? ನನಗೆ ಅಲ್ಲಿಂದಲೇ ತಲೆನೋವು ಶುರುವಾಯಿತು.

ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದಿದೆ. ಆಧಾರ್‌ನಲ್ಲಿ ಮುಂದಿತ್ತು, ಜೊತೆಗೆ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು 'ಎ' ಕಡಿಮೆ. ಹೆಸರು ಹೊಂದುತ್ತಿಲ್ಲ ಅಂತ ಬಂತು. ಆ ಒಂದು ಅಕ್ಷರಕ್ಕೆ ನಾನು ತುಮಕೂರಿನಿಂದ ಹಿರಿಯೂರಿಗೆ ಎರಡು ಸಲ ಬಸ್ ಹತ್ತಿದೆ. ಆಧಾರ್ ತಿದ್ದಿಸಿ, ಅದು ಅಪ್‌ಡೇಟ್ ಆಗುವವರೆಗೆ ಕಾದು, ಕೊನೇ ದಿನಾಂಕಕ್ಕೆ ನಾಲ್ಕು ದಿನ ಇರುವಾಗ ಅರ್ಜಿ ಹಾಕಿದೆ.

ಇದಕ್ಕಿಂತ ವಿಚಿತ್ರ ಇನ್ನೊಂದು. ಕೆಲವು ತಿಂಗಳ ನಂತರ ಪೋರ್ಟಲ್‌ನಲ್ಲಿ ಹಣ ಸಂದಾಯವಾಗಿದೆ ಅಂತ ತೋರಿಸುತ್ತಿತ್ತು. ನನ್ನ ಪಾಸ್‌ಬುಕ್‌ನಲ್ಲಿ ಇದ್ದದ್ದು 412 ರೂಪಾಯಿ. ಬ್ಯಾಂಕಿನವರು "ನಮಗೆ ಬಂದಿಲ್ಲಮ್ಮ" ಅಂದರು. ವಾರಪೂರ್ತಿ ಅಲೆದ ಮೇಲೆ ರೂಮ್‌ಮೇಟ್ ಅಕ್ಕನೇ ಕಂಡುಹಿಡಿದಳು. ಪಿಯುಸಿಯಲ್ಲಿ ಹೊಸ ಸಿಮ್ ತಗೊಳ್ಳುವಾಗ ಅಂಗಡಿಯವನು ಬೆರಳು ಒತ್ತಿಸಿಕೊಂಡು ನನ್ನ ಹೆಸರಲ್ಲಿ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನೂ ತೆರೆದಿದ್ದ! ಈ ತರಹದ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗಬೇಕೆಂದೇನಿಲ್ಲ. ಬ್ಯಾಂಕ್‌ಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐನಲ್ಲಿ ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಆ ಮೊಬೈಲ್ ಖಾತೆ ತೆರೆದು ನೋಡಿದರೆ ಪೂರ್ತಿ 15 ಸಾವಿರ ಸುಮ್ನೆ ಕೂತಿತ್ತು. ಮಾರನೇ ದಿನವೇ ನನ್ನ ಬ್ಯಾಂಕಿಗೆ ಹೋಗಿ ಆ ಖಾತೆಗೆ ಆಧಾರ್ ಜೋಡಿಸುವ ಸೀಡಿಂಗ್ ಫಾರ್ಮ್ ತುಂಬಿ ಕೊಟ್ಟೆ. ಆಧಾರ್ ವೆಬ್‌ಸೈಟ್‌ನಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಇದೆ. ಅರ್ಜಿ ಹಾಕುವ ಮುಂಚೆ ನೋಡಿಕೊಂಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ನಾನು ಕಾಲೇಜು ಸೇರಿದ ವರ್ಷವೇ ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಶುರುವಾಗಿತ್ತು. ಬಿಇಯಂಥ ಕೋರ್ಸ್‌ಗೆ ಹುಡುಗರಿಗೆ 10 ಸಾವಿರ, ಹುಡುಗಿಯರಿಗೆ 11 ಸಾವಿರ. ನನ್ನ ತರಗತಿಯ ಮೂರ್ನಾಲ್ಕು ಜನರಿಗೆ ಬಂತು, ನನಗೆ ಬರಲಿಲ್ಲ. ಇದಕ್ಕೆ ತಂದೆಯ ಅಥವಾ ತಾಯಿಯ ಫ್ರೂಟ್ಸ್ ನಂಬರ್, ಅಂದರೆ ಜಮೀನಿನ ಆಧಾರದ ಮೇಲೆ ಸರ್ಕಾರ ಕೊಡುವ ರೈತರ ನೋಂದಣಿ ಸಂಖ್ಯೆ, ಬೇಕು. ನಮ್ಮ ಪಹಣಿ ಮಾತ್ರ ತೀರಿಕೊಂಡ ತಾತನ ಹೆಸರಲ್ಲೇ ಇತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ "ಮಾಡಿಸೋಣ ಬಿಡು" ಅಂತ ಒಂಬತ್ತು ವರ್ಷ ತಳ್ಳಿದ್ದರು. ನನ್ನ 11 ಸಾವಿರದ ನೆಪದಲ್ಲಿ ಕೊನೆಗೂ ಪೌತಿ ಖಾತೆ ಆಯಿತು. ಎರಡನೇ ವರ್ಷದಿಂದ ದುಡ್ಡು ಬಂತು. ಚಿಕ್ಕಪ್ಪ ಈಗಲೂ "ನಿನ್ನ ಓದಿನಿಂದ ನನ್ನ ಹೆಸರಿಗೆ ಜಮೀನು ಬಂತು ಕಣವ್ವ" ಅಂತ ನಗುತ್ತಾರೆ.

ಇನ್ನು ಬ್ಯಾಂಕ್ ಸಾಲ. ಇದಕ್ಕೆ ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ. ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಪ್ರಿಂಟ್ ಹಿಡಿದು ಅಪ್ಪನ ಜೊತೆ ಊರ ಹತ್ತಿರದ ಶಾಖೆಗೆ ಹೋದೆ. ಮ್ಯಾನೇಜರ್ ಪ್ರಿಂಟ್ ನೋಡಲೇ ಇಲ್ಲ.

"ಯಜಮಾನ್ರೇ, ಸರ್ಕಾರಿ ನೌಕರರು ಯಾರಾದರೂ ಜಾಮೀನು ಹಾಕ್ತಾರಾ?"

ಅಪ್ಪ ತಲೆ ತಗ್ಗಿಸಿದರು. ನಾನು ಹಿಂದಿನ ರಾತ್ರಿ ಓದಿಕೊಂಡು ಹೋಗಿದ್ದೆ. "ಸರ್, ನಾವು ಕೇಳ್ತಿರೋದು 3 ಲಕ್ಷ 20 ಸಾವಿರ. 4 ಲಕ್ಷದ ಒಳಗಿನ ಶಿಕ್ಷಣ ಸಾಲಕ್ಕೆ ಜಾಮೀನು, ಅಡಮಾನ ಬೇಡ ಅಂತ ಇದೆಯಲ್ಲ" ಅಂದೆ. ಧ್ವನಿ ನಡುಗುತ್ತಿತ್ತು. ಅವರು ಕನ್ನಡಕ ತೆಗೆದು ಒಂದು ಸಲ ನನ್ನನ್ನು ನೋಡಿ, "ಸರಿ ಕೂತ್ಕೋಮ್ಮ, ಕಾಲೇಜಿನಿಂದ ಬೋನಾಫೈಡ್, ನಾಲ್ಕೂ ವರ್ಷದ ಫೀಸ್ ವಿವರ ತಗೊಂಡು ಬಾ" ಅಂದರು. ಸಾಲದಲ್ಲಿ ಅಪ್ಪ ಜಂಟಿ ಸಾಲಗಾರ. ಕಟ್ಟಿದ್ದ ರಸೀದಿ ತೋರಿಸಿದ್ದಕ್ಕೆ ಮೊದಲ ವರ್ಷದ 65 ಸಾವಿರ ಅಪ್ಪನ ಖಾತೆಗೆ ಹಾಕಿದರು. ಆಮೇಲಿನ ವರ್ಷಗಳದ್ದು ನೇರ ಕಾಲೇಜಿಗೆ. ಅವ್ವನ ಬಳೆ ಮನೆಗೆ ಬಂತು.

3.20 ಲಕ್ಷ ಮಂಜೂರಾಗಿದ್ದರೂ ನಾನು ಎತ್ತಿದ್ದು 2.60 ಲಕ್ಷ, ವರ್ಷಕ್ಕೆ 65 ಸಾವಿರದಂತೆ. ಕಾಲೇಜಿನವರು ಲ್ಯಾಬ್, ಸ್ಕಿಲ್, ಅದು ಇದು ಅಂತ ಮೇಲೆ ಕೇಳುತ್ತಿದ್ದ 20-25 ಸಾವಿರವನ್ನು ಸ್ಕಾಲರ್‌ಶಿಪ್‌ನಲ್ಲೂ ಅಪ್ಪನ ಹಾಲಿನ ದುಡ್ಡಿನಲ್ಲೂ ಸರಿದೂಗಿಸಿದೆವು. ಎರಡನೇ ವರ್ಷ ಹಾಸ್ಟೆಲ್ ಸಿಕ್ಕಿತು. ವಿದ್ಯಾಸಿರಿ ನಿಂತಿತು, ಬಾಡಿಗೆ-ಊಟದ ಖರ್ಚೂ ನಿಂತಿತು. ಲೆಕ್ಕ ಹಾಕಿದರೆ ಹಾಸ್ಟೆಲ್ಲೇ ಲಾಭ. ಲ್ಯಾಪ್‌ಟಾಪ್‌ಗೂ ಸಾಲದಲ್ಲಿ ಅವಕಾಶ ಇತ್ತು. ನಾನು ಸೀನಿಯರ್ ಒಬ್ಬಳ ಹಳೇದನ್ನು 14 ಸಾವಿರಕ್ಕೆ ತಗೊಂಡೆ. ಅದರ ಬ್ಯಾಟರಿ ಬಗ್ಗೆ ಮಾತ್ರ ಕೇಳಬೇಡಿ.

ನಿಜವಾದ ದುಡ್ಡು ಉಳಿದದ್ದು ಬಡ್ಡಿಯಲ್ಲಿ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದು, ವೃತ್ತಿಪರ ಕೋರ್ಸ್ ಆಗಿದ್ದು, ಕಾಲೇಜಿಗೋ ಕೋರ್ಸಿಗೋ ನ್ಯಾಕ್, ಎನ್‌ಬಿಎಯಂಥ ಮಾನ್ಯತೆ ಇದ್ದರೆ ಓದುವ ವರ್ಷಗಳು ಹಾಗೂ ಮೇಲೊಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುತ್ತದೆ. ಬ್ಯಾಂಕಿನವರು ಇದನ್ನು ಸಿಎಸ್‌ಐಎಸ್ ಅನ್ನುತ್ತಾರೆ. ನನ್ನ ಬಡ್ಡಿ ದರ ಶೇಕಡಾ 9.5. ಮೊದಲ 65 ಸಾವಿರಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಹೀಗೆ ಸರಳ ಬಡ್ಡಿ ಲೆಕ್ಕ ಹಾಕಿದರೂ ಒಟ್ಟು 86 ಸಾವಿರದ ಮೇಲೆ. ನಮ್ಮ ಮೂರು ಎಕರೆ ಶೇಂಗಾ ಯಾವ ವರ್ಷವೂ ಅಷ್ಟು ಕೊಟ್ಟಿಲ್ಲ.

ಆದರೆ ಇದು ತಾನಾಗಿ ಬರುವುದಿಲ್ಲ. ಸಾಲ ಕೊಟ್ಟ ಬ್ಯಾಂಕೇ ಕ್ಲೇಮ್ ಹಾಕಬೇಕು. ಎರಡನೇ ವರ್ಷ ಸ್ಟೇಟ್‌ಮೆಂಟ್ ತೆಗೆಸಿದಾಗ ಬಡ್ಡಿ ಏರುತ್ತಲೇ ಇತ್ತು. ನನ್ನ ಆದಾಯ ಪ್ರಮಾಣಪತ್ರ ಫೈಲ್‌ನಲ್ಲೇ ಮಲಗಿತ್ತು, ಕ್ಲೇಮ್ ಹಾಕಿರಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬೇರೆ ಬದಲಾಗಿದ್ದರು. ಹೊಸಬರಿಗೆ ಪತ್ರ ಬರೆದು, ಸ್ವೀಕೃತಿ ಸೀಲ್ ಹಾಕಿಸಿಕೊಂಡೆ. ಆ ಸೀಲ್ ಇರುವ ನಕಲು ಇಲ್ಲದಿದ್ದರೆ ಮುಂದಿನ ಸಲ "ಯಾವ ಪತ್ರ?" ಅನ್ನುತ್ತಿದ್ದರು, ನನಗೆ ಅನುಮಾನವೇ ಇಲ್ಲ. ನಾಲ್ಕು ತಿಂಗಳಲ್ಲಿ ಬಡ್ಡಿ ಜಮಾ ಆಯಿತು. ಆಮೇಲೆ ಪ್ರತಿ ವರ್ಷ ಜೂನ್‌ನಲ್ಲಿ ಸ್ಟೇಟ್‌ಮೆಂಟ್ ತೆಗೆಸುವುದು ರೂಢಿಯಾಯಿತು.

ಒಂದು ವಿಷಯಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ 'ಅರಿವು' ಸಾಲ. ಸಿಇಟಿ ಸೀಟಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ, ಬಡ್ಡಿ ಬರೀ ಶೇಕಡಾ 2. ನನಗೆ ಗೊತ್ತಾಗುವ ಹೊತ್ತಿಗೆ ಆ ವರ್ಷದ ಕೊನೇ ದಿನಾಂಕ ದಾಟಿತ್ತು, ಬ್ಯಾಂಕ್ ಸಾಲಕ್ಕೆ ಸಹಿಯೂ ಆಗಿತ್ತು. ಸೀಟು ಸಿಕ್ಕ ಹಿಂದುಳಿದ ವರ್ಗದ ಮಕ್ಕಳು ಬ್ಯಾಂಕಿನ ಮೆಟ್ಟಿಲು ಹತ್ತುವ ಮುಂಚೆ ಈ ನಿಗಮದ ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ ಬರಬೇಕು.

ಈಗ ಬೆಂಗಳೂರಿನಲ್ಲಿ ಕೆಲಸ. ಏಳು ವರ್ಷದ ಅವಧಿಗೆ ತಿಂಗಳಿಗೆ ಸುಮಾರು 4,250 ರೂಪಾಯಿ ಇಎಂಐ. ತಮ್ಮ ಸೆಕೆಂಡ್ ಪಿಯುಸಿಯಲ್ಲಿದ್ದಾನೆ. ಹೋದ ಭಾನುವಾರ ಊರಿಗೆ ಹೋಗಿದ್ದಾಗ ಅವನ ಮಾರ್ಕ್ಸ್ ಕಾರ್ಡ್, ಆಧಾರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹೆಸರು ಸರಿ ಇದೆ, ಹುಟ್ಟಿದ ತಾರೀಕು ಬೇರೆ. ಸೋಮವಾರವೇ ಅಪ್ಪ ಅವನನ್ನು ಕರೆದುಕೊಂಡು ಹಿರಿಯೂರಿಗೆ ಹೋಗಿ ತಿದ್ದಿಸಲು ಕೊಟ್ಟು ಬಂದಿದ್ದಾರೆ.