ಮೂರು ದಿನದ ಗಡುವು

ಉಪವಾಸ ಪ್ರಾರ್ಥನೆಯ ಕೊನೆಯ ರಾತ್ರಿ. ಅತಿಥಿಯಾಗಿ ಬಂದಿದ್ದ ಪ್ರಸಂಗಿಯೊಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು, "ಮಗನೇ, ಮೂರು ದಿನದೊಳಗೆ ಕೆಲಸ ಬಿಟ್ಟು ದೇವರ ಸೇವೆಗೆ ಬಾ. ಮನೆಯವರನ್ನು ಕೇಳುತ್ತಾ ಕೂರಬೇಡ. ಇದು ಕರ್ತನ ಮಾತು" ಎಂದು ಪ್ರವಾದಿಸಿದರು. ಮೈ ನಡುಗಿತು, ಕಣ್ಣೀರು ಹರಿಯಿತು. ಅಂದೇ ರಾಜೀನಾಮೆ ಪತ್ರ ಬರೆದು ಬೈಬಲಿನೊಳಗೆ ಇಟ್ಟೆ. ಆದರೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ನಮ್ಮ ಸಭಾಪಾಲಕರ ಬಳಿಗೆ ಹೋದೆ. ಅವರು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಬೈಬಲಿನ 1 ಅರಸುಗಳು ಪುಸ್ತಕದ 13ನೇ ಅಧ್ಯಾಯವನ್ನು ಗಟ್ಟಿಯಾಗಿ ಓದು ಎಂದರು. ಯೆಹೂದದಿಂದ ಬೇತೇಲಿಗೆ ಬಂದ ದೇವರ ಮನುಷ್ಯನಿಗೆ ಅಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂಬ ಅಪ್ಪಣೆಯಿತ್ತು. ಅರಸನೇ ಕರೆದರೂ ಅವನು ಒಪ್ಪಲಿಲ್ಲ. ಆಮೇಲೆ ಮುದುಕ ಪ್ರವಾದಿಯೊಬ್ಬ ಬಂದು, ನಾನೂ ನಿನ್ನಂತೆ ಪ್ರವಾದಿಯೇ, ನಿನ್ನನ್ನು ಮನೆಗೆ ಕರೆತರುವಂತೆ ದೇವದೂತನು ಹೇಳಿದ್ದಾನೆ ಎಂದ. ಅದು ಸುಳ್ಳು. ಇವನು ನಂಬಿ ಹೋದ. ಹಿಂದಿರುಗುವ ದಾರಿಯಲ್ಲಿ ಸಿಂಹ ಅವನನ್ನು ಕೊಂದಿತು. ಅರಸನ ಆಮಿಷಕ್ಕೆ ಬಗ್ಗದವನು ದೇವದೂತನ ಹೆಸರಿಗೆ ಬಿದ್ದ. ಓದುತ್ತಿದ್ದಂತೆ ನನ್ನ ದನಿ ಇಳಿಯಿತು.

ನನ್ನ ತಲೆಯ ಮೇಲೆ ಕೈಯಿಟ್ಟವರನ್ನು ಸುಳ್ಳುಗಾರರೆಂದು ನಾನು ಹೇಳುವುದಿಲ್ಲ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಅಪೊಸ್ತಲ ಪೌಲನು ಪ್ರವಾದನೆಗಳನ್ನು ಹೀನೈಸಬೇಡಿ ಎಂದವನೇ, ಮರುವಾಕ್ಯದಲ್ಲಿ ಎಲ್ಲವನ್ನೂ ಪರೀಕ್ಷಿಸಿರಿ ಎನ್ನುತ್ತಾನೆ. ನನಗೆ ಚುಚ್ಚಿದ್ದು 'ಮನೆಯವರನ್ನು ಕೇಳಬೇಡ' ಎಂಬ ಮಾತು. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲೆಂದು ಹೇಳಿ ಜಾರಿಕೊಳ್ಳುವವರನ್ನು ಯೇಸು ಖಂಡಿಸಿದ್ದು ಮತ್ತಾಯನ ಸುವಾರ್ತೆಯ 15ನೇ ಅಧ್ಯಾಯದಲ್ಲಿದೆ. ತನಗಿಂತ ತಂದೆತಾಯಿಯನ್ನು ಹೆಚ್ಚಾಗಿ ಪ್ರೀತಿಸುವವನು ತನಗೆ ಯೋಗ್ಯನಲ್ಲ ಎಂದವನೂ ಆತನೇ, ನಿಜ. ಈ ಎರಡನ್ನೂ ಮುಂದಿಟ್ಟುಕೊಂಡು ಹೆಂಡತಿಯೊಂದಿಗೆ ಕುಳಿತು ಪ್ರಾರ್ಥಿಸಿದೆ. ಮೂರು ದಿನ ಕಳೆಯಿತು. ಒಂದು ತಿಂಗಳೂ ಕಳೆಯಿತು. ಮೊದಲಿನ ಬಿಸಿ ಆರಿತ್ತು, ಉಳಿದದ್ದು ಭಯ ಮಾತ್ರ. ಬೈಬಲಿನಲ್ಲಿ ದೇವರು ಬಾಲಕ ಸಮುವೇಲನನ್ನು, ಅದು ದೇವರ ಕರೆಯೆಂದು ಅವನು ಗುರುತಿಸುವವರೆಗೂ, ಮತ್ತೆ ಮತ್ತೆ ಕರೆದರು. ನನ್ನನ್ನು ಕರೆದಿದ್ದರೆ ಗಡುವು ಮುಗಿಯಿತೆಂದು ಸುಮ್ಮನಾಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಎಡಪುಟದಲ್ಲಿ ಪ್ರಾರ್ಥನೆಯಲ್ಲಿ ತೋಚಿದ್ದು, ತಾರೀಖು, ಆಗ ನನ್ನ ಸ್ಥಿತಿ ಹೇಗಿತ್ತು (ದಣಿದಿದ್ದೆನೇ, ಸಿಟ್ಟಿತ್ತೇ) ಎಂಬುದು. ಬಲಪುಟ ಖಾಲಿ, ಅದು ಯಾವ ಫಲ ಕೊಟ್ಟಿತು ಎಂಬುದನ್ನು ವಾರಗಳ ನಂತರ ಬರೆಯುತ್ತೇನೆ. ಮುಂದೆ ಜೆಸ್ಯೂಟ್ ಸಂಘವನ್ನು ಕಟ್ಟಿದ ಸಂತ, ಲೊಯೋಲಾದ ಇಗ್ನೇಷಿಯಸ್ 1521ರಲ್ಲಿ ಯುದ್ಧದಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಾಗ ಗಮನಿಸಿದ್ದೂ ಇಂಥದ್ದನ್ನೇ: ಶೌರ್ಯದ ಕನಸುಗಳು ಆ ಹೊತ್ತಿಗೆ ಸಿಹಿ, ಆಮೇಲೆ ಬರಡು, ಸಂತರಂತೆ ಬಾಳಬೇಕೆಂಬ ಯೋಚನೆಯ ನಂತರವೂ ಸಂತೋಷ ಉಳಿಯುತ್ತಿತ್ತು. ಮನಸ್ಸು ಕತ್ತಲಾಗಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬೇಡ ಎಂಬ ಅವರ ಸಲಹೆಯೂ ನನ್ನನ್ನು ಹಲವು ಬಾರಿ ಕಾಪಾಡಿದೆ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಆಪಾದಿಸುವ ದನಿಯನ್ನು ಗುರುತಿಸುವುದು. ಅದು ಪವಿತ್ರಾತ್ಮನು ಪಾಪವನ್ನು ಮನಗಾಣಿಸುವ ಹಾಗೆಯೇ ಕೇಳಿಸುತ್ತದೆ. "ನೀನು ಮೊದಲಿನಿಂದಲೂ ಹೀಗೆಯೇ, ದೇವರು ನಿನ್ನನ್ನು ಬಿಟ್ಟಾಯಿತು" ಎಂದು ನಡುರಾತ್ರಿ ಎದೆ ಹಿಂಡುತ್ತದೆ. ಯಾವ ತಪ್ಪು ಎಂದು ಕೇಳಿದರೆ ಹೇಳುವುದಿಲ್ಲ. ಏನು ಮಾಡಲಿ ಎಂದರೆ ದಾರಿ ತೋರಿಸುವುದಿಲ್ಲ.

ಒಂದು ಮುಂಜಾನೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಸಹೋದರನೊಂದಿಗೆ ರಾಜಿಯಾಗು ಎಂಬ ಮತ್ತಾಯ 5ರ ಮಾತನ್ನು ಓದುತ್ತಿದ್ದೆ. ಹಣದ ಲೆಕ್ಕದ ವಿಷಯದಲ್ಲಿ ತಮ್ಮನನ್ನು ನಾಲ್ಕು ಜನರ ಮುಂದೆ ಕಳ್ಳನೆಂದು ಕರೆದದ್ದು ನೆನಪಾಯಿತು. ಅಂದು ನಾನಾಡಿದ ಮಾತುಗಳು, ಅವನು ತಲೆ ತಗ್ಗಿಸಿದ್ದು, ಎಲ್ಲವೂ ಕಣ್ಣಮುಂದೆ ಬಂತು. ನಾಚಿಕೆಯಾಯಿತು, ಆದರೆ ಎದೆ ಹಿಂಡಲಿಲ್ಲ. ಏನು ಮಾಡಬೇಕೆಂದು ತಿಳಿದಿತ್ತು. ಪುಸ್ತಕ ಮುಚ್ಚದೆಯೇ ಫೋನ್ ಮಾಡಿ ಕ್ಷಮೆ ಕೇಳಿದೆ. ಅತ್ತ ಕಡೆ ತುಂಬ ಹೊತ್ತು ಮಾತಿರಲಿಲ್ಲ. ಕೊನೆಗೆ, "ಅಣ್ಣಾ, ನಾಳೆ ಮನೆಗೆ ಬರುತ್ತೇನೆ" ಎಂದ.