ಬೆಟ್ಟದ ಮೇಲೆ ಮಾತ್ರ ಕೈಕೊಡುತ್ತಿದ್ದ ವಾಷರ್

ಚಿಕ್ಕಬಳ್ಳಾಪುರದಲ್ಲಿ ಟ್ಯಾಕ್ಸಿ ಓಡಿಸುವ ನನಗೆ ವಾರದಲ್ಲಿ ಮೂರು ನಾಲ್ಕು ದಿನವಾದರೂ ಸೂರ್ಯೋದಯ ನೋಡಲು ನಂದಿಬೆಟ್ಟಕ್ಕೆ ಹೋಗುವವರ ಬಾಡಿಗೆ ಇರುತ್ತದೆ. ಒಂದು ಮಳೆಗಾಲದಲ್ಲಿ ಕಾರಿನ ಮುಂಗಾಜಿಗೆ ನೀರು ಚಿಮ್ಮುವ ವಾಷರ್ ವಿಚಿತ್ರವಾಗಿ ಸತಾಯಿಸತೊಡಗಿತು. ಊರಿನಲ್ಲಿ ಒತ್ತಿದರೆ ನೀರು ಚೆನ್ನಾಗಿಯೇ ಬರುತ್ತಿತ್ತು; ಬೆಟ್ಟದ ತಿರುವುಗಳಲ್ಲಿ, ಮುಂದಿನ ವಾಹನ ಎರಚಿದ ಕೆಸರು ಗಾಜಿಗೆ ಅಂಟಿ, ಅದರ ಮೇಲೆ ಮಂಜೂ ಕವಿದು ದಾರಿ ಕಾಣದಾದಾಗ ಒತ್ತಿದರೆ ಮೋಟರಿನ ಸದ್ದು ಬಿಟ್ಟು ಬೇರೇನೂ ಇಲ್ಲ. ವೈಪರ್ ಆ ಕೆಸರನ್ನೇ ಗಾಜಿನ ತುಂಬ ಸವರಿಬಿಡುತ್ತಿತ್ತು.

ಲಡಾಖ್ ಸುತ್ತಿ ಬಂದಿದ್ದ ಪ್ರಯಾಣಿಕರೊಬ್ಬರು, ಎತ್ತರದ ಜಾಗದಲ್ಲಿ ವಾಷರ್ ನಿಲ್ಲುವುದು ಸಹಜ ಎಂದರು. ಅಲ್ಲಿ ಬರಿಯ ನೀರು ತುಂಬಿದ್ದರೆ ಶೂನ್ಯ ಡಿಗ್ರಿಗೆ ಅದು ಟ್ಯಾಂಕಿನಲ್ಲೂ ಪೈಪಿನಲ್ಲೂ ಹೆಪ್ಪುಗಟ್ಟುತ್ತದೆ, ನಿಜ. ಆದರೆ ನಂದಿಬೆಟ್ಟದ ಎತ್ತರ 1,478 ಮೀಟರ್. ಮಳೆಗಾಲದ ಮುಂಜಾವಿನಲ್ಲಿ ಅಲ್ಲಿ ಸ್ವೆಟರ್ ಬೇಕಾಗುತ್ತದೆಯೇ ಹೊರತು ನೀರು ಹೆಪ್ಪುಗಟ್ಟುವುದಿಲ್ಲ.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ: ಮೋಟರ್ ಬದಲಿಸಿದೆ. ಹೊಸ ಮೋಟರೂ ಬೆಟ್ಟದ ಮೇಲೆ ಹಾಗೆಯೇ ನಡೆದುಕೊಂಡಿತು. ದುಡ್ಡು ಹೋದ ಮೇಲೆ ಕಿವಿ ಚುರುಕಾಯಿತು ಎನ್ನಬೇಕು. ನೀರನ್ನು ತಳ್ಳುವಾಗ ಮೋಟರಿನ ದನಿ ದಪ್ಪಗಿರುತ್ತದೆ; ನೀರು ಸಿಗದೆ ಗಾಳಿಯಲ್ಲಿ ತಿರುಗುವಾಗ ಕೀರಲಾಗಿರುತ್ತದೆ. ಬೆಟ್ಟದ ಮೇಲೆ ಕೇಳುತ್ತಿದ್ದುದು ಕೀರಲು ದನಿ. ನಾಜಲ್ ಕಟ್ಟಿಕೊಂಡಿದ್ದರೆ ದನಿ ಹಾಗಿರುತ್ತಿರಲಿಲ್ಲ, ಫ್ಯೂಸ್ ಹೋಗಿದ್ದರೆ ದನಿಯೇ ಇರುತ್ತಿರಲಿಲ್ಲ. ಅಂದರೆ ಪಂಪಿನ ಬಾಯಿಗೆ ನೀರು ಮುಟ್ಟುತ್ತಿಲ್ಲ.

ನನ್ನ ಕಾರಿನಲ್ಲಿ ಪಂಪ್ ಇರುವುದು ಟ್ಯಾಂಕಿನ ಮುಂಭಾಗದ ಗೋಡೆಯಲ್ಲಿ, ತಳದಿಂದ ಸ್ವಲ್ಪ ಮೇಲೆ. ಕಾರಿನ ಮೂತಿ ಮೇಲಾದಾಗ ನೀರು ಹಿಂದಕ್ಕೆ ಸರಿಯುತ್ತದೆ. ಟ್ಯಾಂಕಿನಲ್ಲಿ ನೀರು ಕಡಿಮೆಯಿದ್ದರೆ ಪಂಪಿನ ಬಾಯಿ ಬರಿದಾಗುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಬೆಟ್ಟಕ್ಕೆ ಹೋಗಬೇಕಾಗಲಿಲ್ಲ. ಊರ ಹತ್ತಿರದ ಕೆರೆ ಏರಿಗೆ ಹತ್ತುವ ಇಳಿಜಾರಿನಲ್ಲಿ ಕಾರನ್ನು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ವಾಷರ್ ಒತ್ತಿದೆ: ಅದೇ ಕೀರಲು ದನಿ. ಎರಡು ಲೀಟರ್ ನೀರು ಸುರಿದು ಮತ್ತೆ ಒತ್ತಿದರೆ ಗಾಜು ತೊಯ್ದು ಹೋಯಿತು. ಹಾಗಾಗಿ ಕಾಟ ಕೊಡುತ್ತಿದ್ದುದು ಎತ್ತರವಲ್ಲ, ಏರು.

ಆದರೂ ಒಂದು ಲೆಕ್ಕ ಹೊಂದುತ್ತಿರಲಿಲ್ಲ. ವಾರಕ್ಕೊಮ್ಮೆ ಬಾಟಲಿಯಿಂದ ನೀರು ಹಾಕುತ್ತಿದ್ದೆ, ಬಳಸುತ್ತಿದ್ದುದು ಸ್ವಲ್ಪವೇ; ಉಳಿದದ್ದು ಎಲ್ಲಿಗೆ ಹೋಗುತ್ತಿತ್ತು? ಟ್ಯಾಂಕ್ ಸೋರುತ್ತಿರಲಿಲ್ಲ, ಕಾರು ನಿಲ್ಲಿಸಿದ ಜಾಗದ ನೆಲವೂ ಒಣಗಿಯೇ ಇರುತ್ತಿತ್ತು. ಇದಕ್ಕೆ ಉತ್ತರ ನನ್ನ ಕಣ್ಣೆದುರಿಗೇ ಇತ್ತು. ಬೆಟ್ಟ ಹತ್ತಿದ ಮೇಲೆ ನಾಜಲ್‌ಗಳ ಬುಡದಿಂದ ಎರಡು ತೇವದ ಗೆರೆಗಳು ಇಳಿದಿರುತ್ತಿದ್ದವು; ಅದನ್ನು ಮಂಜಿನ ನೀರು ಎಂದುಕೊಂಡು ಎಷ್ಟೋ ಸಲ ಬಟ್ಟೆಯಲ್ಲಿ ಒರೆಸಿದ್ದೇನೆ. ಒಂದು ದಿನ ಮೇಲೆ ಹೋಗಿ ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿ ಟ್ಯಾಂಕಿನ ಮುಚ್ಚಳ ತೆಗೆದಾಗ, ಸೋಡಾ ಬಾಟಲಿ ತೆರೆದಂತೆ ಫುಸ್ಸೆಂದು ಗಾಳಿ ಹೊರಬಂತು.

ಮುಚ್ಚಳದಲ್ಲಿ ಗಾಳಿಯಾಡಲೆಂದೇ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಬಾಯಿಟ್ಟು ಊದಿದೆ, ಗಾಳಿ ಹೋಗಲಿಲ್ಲ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ನಾನು ಬೆರೆಸುತ್ತಿದ್ದ ಶಾಂಪೂ, ಜೊತೆಗೆ ಜಲ್ಲಿ ಲಾರಿಗಳ ದೂಳು, ಎಲ್ಲ ಸೇರಿ ಆ ರಂಧ್ರದಲ್ಲಿ ಬಿಳಿ ಗಾರೆಯಂತೆ ಕುಳಿತಿತ್ತು. ಊರಿನಿಂದ ಬೆಟ್ಟದ ತುದಿಗೆ ಸುಮಾರು 550 ಮೀಟರ್ ಏರುವಷ್ಟರಲ್ಲಿ ಹೊರಗಿನ ವಾಯುಒತ್ತಡ ಶೇ 6ಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಮುಚ್ಚಿದ ಟ್ಯಾಂಕಿನೊಳಗಿನ ಗಾಳಿ ಊರಿನ ಒತ್ತಡದಲ್ಲೇ ಉಳಿಯುವುದರಿಂದ, ಅದು ನೀರನ್ನು ಅರ್ಧ ಮೀಟರಿಗೂ ಹೆಚ್ಚು ಮೇಲೆತ್ತಬಲ್ಲದು. ಏರಿನಲ್ಲಿ ಕಾಯ್ದ ಎಂಜಿನ್ನಿನ ಬಿಸಿ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಹೀಗೆ ಪ್ರತಿ ಸಲ ಹತ್ತುವಾಗಲೂ ನಾನು ಒತ್ತದೆಯೇ ನಾಜಲ್‌ಗಳಿಂದ ನೀರು ಜಿನುಗಿ ಹೋಗುತ್ತಿತ್ತು. ಎತ್ತರಕ್ಕೂ ಇದರಲ್ಲಿ ಒಂದು ಪಾಲು ಇತ್ತೆಂದು ಆ ಪ್ರಯಾಣಿಕರ ಮಾತನ್ನು ಅಷ್ಟರಮಟ್ಟಿಗೆ ಒಪ್ಪಿಕೊಂಡೆ. ಊರಿನಲ್ಲಿ ಈ ದೋಷ ಪತ್ತೆಯಾಗದಿರಲು ಕಾರಣವೂ ಸರಳ: ಪರೀಕ್ಷಿಸುವಾಗಲೆಲ್ಲ ಮೊದಲು ಮುಚ್ಚಳ ತೆಗೆದು ನೀರು ಹಾಕುತ್ತಿದ್ದೆ.

ಮುಚ್ಚಳವನ್ನು ರಾತ್ರಿಯಿಡೀ ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ, ಬೆಳಿಗ್ಗೆ ವಿದ್ಯುತ್ ವೈರಿನ ಒಂದು ತೆಳುವಾದ ತಾಮ್ರದ ಎಳೆಯಿಂದ ರಂಧ್ರ ಬಿಡಿಸಿದೆ. ದಪ್ಪ ಮೊಳೆ ಹಾಕಿ ಅದನ್ನು ದೊಡ್ಡದು ಮಾಡಬಾರದು, ಕುಲುಕಾಟಕ್ಕೆ ನೀರು ಚೆಲ್ಲುತ್ತದೆ. ಟ್ಯಾಂಕ್ ತೊಳೆದಾಗ ತಳದಲ್ಲಿ ಒಂದು ಚಮಚದಷ್ಟು ಕೆಸರು ಸಿಕ್ಕಿತು. ಶಾಂಪೂ ಬಿಟ್ಟು ಈಗ ಫಿಲ್ಟರ್ ನೀರಿಗೆ ವಾಷರ್ ದ್ರಾವಣವನ್ನೇ ಬೆರೆಸುತ್ತಿದ್ದೇನೆ, ಬೆಟ್ಟಕ್ಕೆ ಹೊರಡುವ ಹಿಂದಿನ ರಾತ್ರಿ ಟ್ಯಾಂಕನ್ನು ಕಂಠದವರೆಗೆ ತುಂಬಿಸುತ್ತೇನೆ.

ಮೇಲೆ ಹೋಗಿ ನಿಂತಾಗ ಬಾನೆಟ್ಟಿನ ಮೇಲೆ ಆ ಎರಡು ಗೆರೆಗಳಿವೆಯೇ ಎಂದು ಬೆರಳಾಡಿಸಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ತೆಗೆದುಹಾಕಿದ ಹಳೆಯ ಮೋಟರ್ ಡಿಕ್ಕಿಯಲ್ಲಿ ಬಿದ್ದಿದೆ. ಬ್ಯಾಟರಿಗೆ ಕೊಟ್ಟು ನೋಡಿದರೆ ಚೆನ್ನಾಗಿಯೇ ತಿರುಗುತ್ತದೆ.